ಗ್ರೆಗ್ ಮ್ಯಾಡಕ್ಸ್

ಗ್ರೆಗೊರಿ ಆಲನ್ ಮ್ಯಾಡಕ್ಸ್ (ಜನನ: ಏಪ್ರಿಲ್ 14, 1966) ಅಮೆರಿಕ ಸಂಯುಕ್ತ ಸಂಸ್ಥಾನದ ನಿವೃತ್ತ ವೃತ್ತಿಪರ ಬೇಸ್‌ಬಾಲ್ ಆಟಗಾರರು. 1986ರಿಂದ 2008ರವರೆಗೆ 23 ಋತುಗಳ ಕಾಲ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವ ಆಟಗಾರರಾಗಿದ್ದರು. ಶಿಕಾಗೊ ಕಬ್ಸ್, ಅಟ್ಲಾಂಟಾ ಬ್ರೇವ್ಸ್, ಲಾಸ್ ಏಂಜಲೀಸ್ ಡಾಡ್ಜರ್ಸ್ ಮತ್ತು ಸ್ಯಾನ್ ಡಿಯೇಗೊ ಪ್ಯಾಡ್ರೆಸ್ ತಂಡಗಳ ಪರವಾಗಿ ಆಡಿದ ಇವರು 355 ಪಂದ್ಯಗಳಲ್ಲಿ ಗೆಲುವು ಪಡೆದಿದ್ದಾರೆ. ವೇಗಕ್ಕಿಂತ ನಿಖರತೆಗೆ ಹೆಚ್ಚಿನ ಮಹತ್ವ ನೀಡಿ, ಎದುರಾಳಿಯ ಮನಸ್ಸನ್ನು ಅರಿತು ಎಸೆಯುತ್ತಿದ್ದುದರಿಂದ ಇವರಿಗೆ 'ಪ್ರೊಫೆಸರ್' ಎಂಬ ಅಡ್ಡಹೆಸರು ಬಂದಿತು.

ಬಾಲ್ಯ ಮತ್ತು ಶಿಕ್ಷಣ

ಮ್ಯಾಡಕ್ಸ್ ಟೆಕ್ಸಸ್ ರಾಜ್ಯದ ಸ್ಯಾನ್ ಏಂಜಲೊ ನಗರದಲ್ಲಿ ಜನಿಸಿದರು. ತಂದೆ ಅಮೆರಿಕದ ವಾಯುಪಡೆಯಲ್ಲಿದ್ದ ಕಾರಣ ಬಾಲ್ಯದ ಕೆಲವು ವರ್ಷಗಳನ್ನು ಸ್ಪೇನ್ ದೇಶದ ಮ್ಯಾಡ್ರಿಡ್‌ನಲ್ಲಿ ಕಳೆದರು. ಮುಂದೆ ಕುಟುಂಬವು ಲಾಸ್ ವೇಗಾಸ್‌ನಲ್ಲಿ ನೆಲೆಸಿತು. ಅಲ್ಲಿ ರಾಲ್ಫ್ ಮೆಡಾರ್ ಎಂಬ ತರಬೇತುದಾರರು, ಚೆಂಡಿನ ವೇಗಕ್ಕಿಂತ ಅದು ಕೊನೆಯ ಕ್ಷಣದಲ್ಲಿ ಪಡೆಯುವ ಚಲನೆ ಮುಖ್ಯವೆಂಬ ಪಾಠವನ್ನು ಬಾಲಕ ಮ್ಯಾಡಕ್ಸ್‌ಗೆ ಕಲಿಸಿದರು. ಅಣ್ಣ ಮೈಕ್ ಮ್ಯಾಡಕ್ಸ್ ಕೂಡ ಮೇಜರ್ ಲೀಗ್ ಪಿಚರ್ ಆಗಿದ್ದರು. 1984ರಲ್ಲಿ ಗ್ರೆಗ್ ಪ್ರೌಢಶಿಕ್ಷಣ ಮುಗಿಸಿದ ವರ್ಷವೇ ಶಿಕಾಗೊ ಕಬ್ಸ್ ತಂಡವು ಅವರನ್ನು ಎರಡನೆಯ ಸುತ್ತಿನಲ್ಲಿ ಆಯ್ಕೆ ಮಾಡಿಕೊಂಡಿತು.

ವೃತ್ತಿಜೀವನದ ಆರಂಭ

1986ರ ಸೆಪ್ಟೆಂಬರ್‌ನಲ್ಲಿ ಪದಾರ್ಪಣೆ ಮಾಡಿದ ಮ್ಯಾಡಕ್ಸ್ ಅವರ ಮೊದಲ ಪೂರ್ಣ ಋತು ನಿರಾಶಾದಾಯಕವಾಗಿತ್ತು. 1987ರಲ್ಲಿ ಅವರು 6 ಪಂದ್ಯ ಗೆದ್ದು 14ರಲ್ಲಿ ಸೋತರು. ಪ್ರತಿ ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್ ತನ್ನ ಹೊಣೆಯಿಂದ ಬಿಟ್ಟುಕೊಡುವ ರನ್‌ಗಳ ಸರಾಸರಿ ಆ ವರ್ಷ 5.61ರಷ್ಟಿತ್ತು. ಮರುವರ್ಷವೇ ಅವರು 18 ಗೆಲುವು ಪಡೆದರು. 1988ರಿಂದ 2004ರವರೆಗೆ ಸತತ 17 ಋತುಗಳಲ್ಲಿ ಕನಿಷ್ಠ 15 ಗೆಲುವು ಸಾಧಿಸಿ, ಸೈ ಯಂಗ್ ಅವರ ಹೆಸರಿನಲ್ಲಿದ್ದ ಸತತ 15 ಋತುಗಳ ದಾಖಲೆಯನ್ನು ಮುರಿದರು.

ಕಲಿಕೆಯ ದಾರಿಯಲ್ಲಿ ಸೋಲುಗಳೂ ಇದ್ದವು. 1989ರಲ್ಲಿ ನ್ಯಾಷನಲ್ ಲೀಗ್ ಪ್ರಶಸ್ತಿ ಸರಣಿಯ ಮೊದಲ ಪಂದ್ಯದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡದ ವಿಲ್ ಕ್ಲಾರ್ಕ್, ಮ್ಯಾಡಕ್ಸ್ ಅವರ ಎಸೆತವನ್ನು ಅಂಗಳದಾಚೆಗೆ ಹೊಡೆದು ಒಂದೇ ಏಟಿಗೆ ನಾಲ್ಕು ರನ್ ಗಳಿಸಿದರು. ಮ್ಯಾಡಕ್ಸ್ ಸಹ ಆಟಗಾರನೊಡನೆ ಮಾತನಾಡುವಾಗ ಅವರ ತುಟಿಗಳ ಚಲನೆಯಿಂದಲೇ ಮುಂದಿನ ಎಸೆತವನ್ನು ಊಹಿಸಿದ್ದಾಗಿ ಕ್ಲಾರ್ಕ್ ನಂತರ ತಿಳಿಸಿದರು. ಪಿಚರ್‌ಗಳು ಕೈಗವಸಿನಿಂದ ಬಾಯಿ ಮುಚ್ಚಿಕೊಂಡು ಮಾತನಾಡುವ ರೂಢಿಯನ್ನು ಹಲವರು ಈ ಪ್ರಸಂಗದೊಂದಿಗೆ ಜೋಡಿಸಿ ಹೇಳುತ್ತಾರೆ.

ಎಸೆತದ ವಿಧಾನ

ಕ್ರಿಕೆಟ್‌ನಲ್ಲಿ ಬೌಲರ್‌ಗಳು ಓವರಿಗೊಬ್ಬರಂತೆ ಬದಲಾಗುತ್ತಾರೆ. ಬೇಸ್‌ಬಾಲ್‌ನಲ್ಲಾದರೋ ಒಬ್ಬನೇ ಪಿಚರ್ ಇಡೀ ಪಂದ್ಯದಲ್ಲಿ ಎಸೆಯಬಹುದು. ಆದುದರಿಂದ ಶಕ್ತಿಯ ಮಿತವ್ಯಯ ಅವನಿಗೆ ಅತ್ಯಗತ್ಯ. ಮ್ಯಾಡಕ್ಸ್ ಅವರ ವೈಶಿಷ್ಟ್ಯ ಇದರಲ್ಲಿಯೇ ಇತ್ತು. ವೃತ್ತಿಯ ಉತ್ತರಾರ್ಧದಲ್ಲಿ ಅವರ ಎಸೆತ ಗಂಟೆಗೆ 90 ಮೈಲಿ ವೇಗ ಮುಟ್ಟುತ್ತಿದ್ದುದೇ ಅಪರೂಪ. ಆದರೆ ಒಂದೇ ಬಗೆಯ ಕೈಚಲನೆಯಿಂದ ಬೇರೆ ಬೇರೆ ವೇಗ ಮತ್ತು ತಿರುವಿನ ಎಸೆತಗಳನ್ನು ಗುರಿವಲಯದ ಅಂಚಿಗೆ ಎಸೆದು ಅವರು ಬ್ಯಾಟರ್‌ನ ಎಣಿಕೆಯನ್ನು ತಪ್ಪಿಸುತ್ತಿದ್ದರು.

ಹೊಡೆಯದೆ ಬಿಟ್ಟ ನಾಲ್ಕು ಎಸೆತಗಳು ಗುರಿವಲಯದ ಹೊರಗೆ ಹೋದರೆ ಬ್ಯಾಟರ್ ಮೊದಲ ಬೇಸ್‌ಗೆ ಸುಮ್ಮನೆ ನಡೆದು ಹೋಗಬಹುದು. ಇದನ್ನು 'ವಾಕ್' ಎನ್ನುತ್ತಾರೆ. 1997ರಲ್ಲಿ 232 ಇನ್ನಿಂಗ್ಸ್‌ಗೂ ಹೆಚ್ಚು ಎಸೆದ ಮ್ಯಾಡಕ್ಸ್ ಕೊಟ್ಟ ವಾಕ್‌ಗಳು ಕೇವಲ 20. ಅದೇ ವರ್ಷ ಜುಲೈ 22ರಂದು ಕಬ್ಸ್ ವಿರುದ್ಧದ ಇಡೀ ಪಂದ್ಯವನ್ನು 78 ಎಸೆತಗಳಲ್ಲಿ ಮುಗಿಸಿದರು. ನೂರಕ್ಕಿಂತ ಕಡಿಮೆ ಎಸೆತಗಳಲ್ಲಿ, ರನ್ ಬಿಟ್ಟುಕೊಡದೆ ಪೂರ್ಣ ಪಂದ್ಯ ಆಡುವುದನ್ನು ಇಂದು ಬೇಸ್‌ಬಾಲ್ ಅಭಿಮಾನಿಗಳು 'ಮ್ಯಾಡಕ್ಸ್' ಎಂದೇ ಕರೆಯುತ್ತಾರೆ.

ಎಲ್ಲರನ್ನೂ ತಾನೇ ಔಟ್ ಮಾಡಬೇಕೆಂಬ ಹಟ ಅವರಲ್ಲಿರಲಿಲ್ಲ. ಚೆಂಡು ಬ್ಯಾಟ್‌ಗೆ ದುರ್ಬಲವಾಗಿ ತಗುಲಿ ನೆಲದ ಮೇಲೆ ಉರುಳುವಂತೆ ಎಸೆದು, ಉಳಿದ ಕೆಲಸವನ್ನು ಕ್ಷೇತ್ರರಕ್ಷಕರಿಗೆ ಬಿಡುತ್ತಿದ್ದರು. ಸ್ವತಃ ಉತ್ತಮ ಕ್ಷೇತ್ರರಕ್ಷಕರಾಗಿದ್ದ ಇವರು 18 ಗೋಲ್ಡ್ ಗ್ಲೋವ್ ಪ್ರಶಸ್ತಿಗಳನ್ನು ಗಳಿಸಿದರು. ಯಾವುದೇ ಸ್ಥಾನದ ಆಟಗಾರ ಗಳಿಸಿದ ಪ್ರಶಸ್ತಿಗಳಲ್ಲಿ ಇದೇ ಅತಿ ಹೆಚ್ಚಿನ ಸಂಖ್ಯೆ.

ಬ್ರೇವ್ಸ್ ತಂಡ ಮತ್ತು ಸಾಮೂಹಿಕ ಯಶಸ್ಸು

1992ರಲ್ಲಿ ಕಬ್ಸ್ ಪರ 20 ಗೆಲುವು ಪಡೆದು, ಶ್ರೇಷ್ಠ ಪಿಚರ್‌ಗೆ ನೀಡುವ ಸೈ ಯಂಗ್ ಪ್ರಶಸ್ತಿ ಗಳಿಸಿದ ಮ್ಯಾಡಕ್ಸ್, ಬಳಿಕ ಅಟ್ಲಾಂಟಾ ಬ್ರೇವ್ಸ್ ಸೇರಿದರು. 1995ರವರೆಗೆ ಪ್ರತಿವರ್ಷವೂ ಆ ಪ್ರಶಸ್ತಿ ಅವರದಾಯಿತು. ಸತತ ನಾಲ್ಕು ಬಾರಿ ಅದನ್ನು ಪಡೆದವರಲ್ಲಿ ಅವರೇ ಮೊದಲಿಗರು. 1994 ಮತ್ತು 1995ರಲ್ಲಿ ಅವರ ರನ್ ಸರಾಸರಿ ಕ್ರಮವಾಗಿ 1.56 ಮತ್ತು 1.63. ಆ ವರ್ಷಗಳಲ್ಲಿ ಲೀಗ್‌ನ ಒಟ್ಟಾರೆ ಸರಾಸರಿ 4ಕ್ಕಿಂತ ಹೆಚ್ಚಿತ್ತು.

ಟಾಮ್ ಗ್ಲ್ಯಾವಿನ್ ಮತ್ತು ಜಾನ್ ಸ್ಮೋಲ್ಟ್ಜ್ ಎಂಬ ಇಬ್ಬರು ಸಮರ್ಥ ಪಿಚರ್‌ಗಳು ಅವರ ಜೊತೆಗಿದ್ದರು. ಸರದಿಯಂತೆ ಎಸೆದ ಈ ಮೂವರ ಬಲದಿಂದ ಬ್ರೇವ್ಸ್, ಮ್ಯಾಡಕ್ಸ್ ಅಲ್ಲಿದ್ದ 11 ಋತುಗಳಲ್ಲಿ 10 ಬಾರಿ ತನ್ನ ವಿಭಾಗದಲ್ಲಿ ಅಗ್ರಸ್ಥಾನ ಪಡೆಯಿತು. ಉಳಿದ ಒಂದು ಋತು, ಅಂದರೆ 1994ರದು, ಆಟಗಾರರ ಮುಷ್ಕರದಿಂದಾಗಿ ಅರ್ಧಕ್ಕೇ ನಿಂತಿತು.

ಆದರೆ ಅಂತಿಮ ಹಂತವಾದ ವರ್ಲ್ಡ್ ಸೀರೀಸ್ ಗೆಲುವು ತಂಡಕ್ಕೆ ದೊರೆತದ್ದು 1995ರಲ್ಲಿ ಮಾತ್ರ. ಕ್ಲೀವ್‌ಲ್ಯಾಂಡ್ ವಿರುದ್ಧದ ಆ ಸರಣಿಯ ಮೊದಲ ಪಂದ್ಯದಲ್ಲಿ ಮ್ಯಾಡಕ್ಸ್ ಎದುರಾಳಿಗೆ ಎರಡೇ ಹಿಟ್ ನೀಡಿ ತಂಡವನ್ನು 3–2ರಿಂದ ಗೆಲ್ಲಿಸಿದರು. ಐದನೆಯ ಪಂದ್ಯದಲ್ಲಿ ಅವರು ಸೋತರು. ಆರನೆಯ ಪಂದ್ಯದಲ್ಲಿ ಗ್ಲ್ಯಾವಿನ್ ಎಂಟು ಇನ್ನಿಂಗ್ಸ್ ಎಸೆದು ಒಂದೇ ಹಿಟ್ ನೀಡಿದರು. ತಂಡ 1–0ರಿಂದ ಗೆದ್ದು ಪ್ರಶಸ್ತಿ ಪಡೆಯಿತು. 1996ರಲ್ಲಿ ನ್ಯೂಯಾರ್ಕ್ ಯಾಂಕೀಸ್ ವಿರುದ್ಧ ಮ್ಯಾಡಕ್ಸ್ ಎಂಟು ಇನ್ನಿಂಗ್ಸ್ ಕಾಲ ರನ್ ನೀಡದೆ ಎರಡನೆಯ ಪಂದ್ಯ ಗೆಲ್ಲಿಸಿದರೂ ಸರಣಿ ಕೈತಪ್ಪಿತು. ಋತುವಿನ ನಂತರದ ಪಂದ್ಯಗಳಲ್ಲಿ ಅವರ ಒಟ್ಟು ಗೆಲುವು 11, ಸೋಲು 14. ರನ್ ಸರಾಸರಿ ಮಾತ್ರ 3.27ರಷ್ಟು ಉತ್ತಮವಾಗಿಯೇ ಇತ್ತು. ಸುಮಾರು ಐದು ದಿನಗಳಿಗೊಮ್ಮೆ ಎಸೆಯುವ ಪಿಚರ್ ಎಷ್ಟೇ ಸ್ಥಿರವಾಗಿ ಆಡಿದರೂ, ತನ್ನ ಬ್ಯಾಟರ್‌ಗಳು ರನ್ ಗಳಿಸದಿದ್ದರೆ ಗೆಲ್ಲಲಾರ ಎಂಬುದಕ್ಕೆ ಈ ಅಂಕಿಅಂಶಗಳು ನಿದರ್ಶನ.

ನಿವೃತ್ತಿ ಮತ್ತು ಗೌರವಗಳು

2004ರಲ್ಲಿ ಕಬ್ಸ್ ತಂಡಕ್ಕೆ ಮರಳಿದ ಮ್ಯಾಡಕ್ಸ್ ಅದೇ ವರ್ಷ ಆಗಸ್ಟ್ 7ರಂದು 300ನೆಯ ಗೆಲುವು ಪಡೆದರು. 2008ರ ಡಿಸೆಂಬರ್‌ನಲ್ಲಿ ನಿವೃತ್ತಿ ಘೋಷಿಸಿದಾಗ ಅವರು 740 ಪಂದ್ಯಗಳಲ್ಲಿ ಆರಂಭಿಕ ಪಿಚರ್ ಆಗಿ ಆಡಿ, 5,000ಕ್ಕೂ ಹೆಚ್ಚು ಇನ್ನಿಂಗ್ಸ್ ಎಸೆದಿದ್ದರು. ಚೆಂಡನ್ನು ಹೊಡೆಯಲು ಬಿಡದೆ ಔಟ್ ಮಾಡಿದ ಸ್ಟ್ರೈಕ್‌ಔಟ್‌ಗಳು 3,371. ನೀಡಿದ ವಾಕ್‌ಗಳು 999. ಮುನ್ನೂರು ಗೆಲುವು ಹಾಗೂ ಮೂರು ಸಾವಿರ ಸ್ಟ್ರೈಕ್‌ಔಟ್‌ಗಳ ಜೊತೆಗೆ ವಾಕ್‌ಗಳನ್ನು ಸಾವಿರದೊಳಗೆ ಉಳಿಸಿಕೊಂಡ ಪಿಚರ್ ಇವರೊಬ್ಬರೇ.

ಬ್ರೇವ್ಸ್ ಮತ್ತು ಕಬ್ಸ್ ತಂಡಗಳೆರಡೂ 2009ರಲ್ಲಿ ಅವರ 31ನೆಯ ಸಂಖ್ಯೆಯ ಅಂಗಿಯನ್ನು ಗೌರವಪೂರ್ವಕವಾಗಿ ಬಳಕೆಯಿಂದ ಹಿಂಪಡೆದವು. 2014ರಲ್ಲಿ ಶೇಕಡ 97.2ರಷ್ಟು ಮತಗಳೊಂದಿಗೆ ಮ್ಯಾಡಕ್ಸ್ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದರು. ಜೊತೆಗಾರ ಗ್ಲ್ಯಾವಿನ್ ಮತ್ತು ಬ್ರೇವ್ಸ್ ವ್ಯವಸ್ಥಾಪಕ ಬಾಬಿ ಕಾಕ್ಸ್ ಕೂಡ ಅದೇ ವರ್ಷ ಈ ಗೌರವಕ್ಕೆ ಪಾತ್ರರಾದರು. ಮರುವರ್ಷ ಸ್ಮೋಲ್ಟ್ಜ್ ಅವರೂ ಆ ಸಾಲಿಗೆ ಸೇರಿದರು.