ಮೊಟ್ಟೆಯಂಥ ಕಾರು, ಅಕ್ಕನ ಮೂರು ಚಕ್ರದ ಸೈಕಲ್ಲು

"ಜರ್ಮನಿಗೆ ಹೋಗಿ ಬಂದಿದ್ದೀರಿ, ಈ ಸಲದ ಸಂಚಿಕೆಗೆ ಏನಾದರೂ ಬರೆದುಕೊಡಿ" ಎಂದು ನಮ್ಮ ಮಹಿಳಾ ವಿಭಾಗದ ಗೆಳತಿಯರು ಕೇಳಿದಾಗ, ನಾನು ಆಲ್ಪ್ಸ್ ಪರ್ವತದ ಬಗ್ಗೆಯೋ ಹಳೆಯ ಕೋಟೆಗಳ ಬಗ್ಗೆಯೋ ಬರೆಯುತ್ತೇನೆಂದು ಅವರು ಅಂದುಕೊಂಡಿರಬೇಕು. ಕಾರುಗಳ ಬಗ್ಗೆ ಬರೆಯುತ್ತೇನೆಂದು ನಾನೂ ಅಂದುಕೊಂಡಿರಲಿಲ್ಲ. ಪುಣೆಯಲ್ಲಿ ಮೂವತ್ತೈದು ವರ್ಷಗಳಿಂದ ಇದ್ದೇನೆ, ಸ್ಕೂಟರ್ ಬಿಟ್ಟು ಬೇರೇನೂ ಓಡಿಸಿಲ್ಲ. ಕಾರೆಂದರೆ ನನಗೆ ಬಣ್ಣವೊಂದೇ ಗುರುತು.

ಮಗಳ ಬಾಣಂತನಕ್ಕೆಂದು ಮ್ಯೂನಿಕ್‌ಗೆ ಹೋಗಿದ್ದೆ. ಒಂದು ಭಾನುವಾರ ಅಳಿಯ ನನ್ನನ್ನು ವಾಹನಗಳ ಸಂಗ್ರಹಾಲಯಕ್ಕೆ ಕರೆದುಕೊಂಡು ಹೋದ. ಅವನ ಉತ್ಸಾಹಕ್ಕೆ ಇಲ್ಲ ಎನ್ನಲಾಗದೆ ಹೋದವಳು ನಾನು. ಒಂದು ಮೂಲೆಯಲ್ಲಿ ಕೋಳಿಮೊಟ್ಟೆಯನ್ನು ಅಡ್ಡ ಮಲಗಿಸಿ ಚಕ್ರ ಹಚ್ಚಿದಂಥ ಒಂದು ವಾಹನ ಕಂಡಿತು. ಸುತ್ತು ಹಾಕಿ ನೋಡಿದರೆ ಎಡಕ್ಕೂ ಬಾಗಿಲಿಲ್ಲ, ಬಲಕ್ಕೂ ಇಲ್ಲ. ಮುಂಭಾಗವೇ ಬಾಗಿಲು! ನಮ್ಮ ಅಡುಗೆಮನೆಯ ಫ್ರಿಜ್ಜಿನಂತೆ ಇಡೀ ಮೂತಿ ತೆರೆದುಕೊಳ್ಳುತ್ತದೆ, ಅದರ ಜೊತೆಗೇ ಸ್ಟೀರಿಂಗ್ ಕೂಡ ಆಚೆ ಸರಿಯುತ್ತದೆ. ಎದುರಿನಿಂದ ಹತ್ತಿ, ತಿರುಗಿ ಕೂತು, ಬಾಗಿಲು ಎಳೆದುಕೊಂಡರೆ ಆಯಿತು.

ಫ್ರಿಜ್ಜಿನ ನೆನಪು ಬಂದದ್ದು ಸುಮ್ಮನೆ ಅಲ್ಲವೆಂದು ಆಮೇಲೆ ತಿಳಿಯಿತು. ಇಸೆಟ್ಟಾ ಎಂಬ ಈ ಕಾರನ್ನು ಮೊದಲು ಮಾಡಿದ್ದು ಜರ್ಮನರಲ್ಲ, ಇಟಲಿಯ ಮಿಲಾನ್ ಪಕ್ಕದ ಇಸೋ ಎಂಬ ಕಂಪನಿ. ಅವರ ಮೂಲ ಕಸುಬು ಫ್ರಿಜ್, ಅದರ ಜೊತೆಗೆ ಸ್ಕೂಟರ್. ಮಾಲೀಕ ರೆಂಜೊ ರಿವೋಲ್ತಾ. 1953ರಲ್ಲಿ ಅವರು ಈ ಕಾರನ್ನು ಜನರ ಮುಂದಿಟ್ಟರು. ಇಸೆಟ್ಟಾ ಎಂದರೆ 'ಪುಟ್ಟ ಇಸೋ' ಎಂದಷ್ಟೇ ಅರ್ಥ. ಇಟಲಿಯಲ್ಲಿ ಅದು ಹೆಚ್ಚು ಓಡಲಿಲ್ಲ. ಬಿಎಂಡಬ್ಲ್ಯೂದವರು ಪರವಾನಗಿ ಪಡೆದು, ತಮ್ಮ ಮೋಟರ್‌ಸೈಕಲ್ಲಿನ ಒಂದೇ ಸಿಲಿಂಡರಿನ 247 ಸಿಸಿ ಎಂಜಿನ್ ಕೂರಿಸಿ 1955ರಿಂದ ಮಾಡತೊಡಗಿದ ಮೇಲೆ ಅದರ ಅದೃಷ್ಟ ತೆರೆಯಿತು. ಉದ್ದ ಎರಡೂಕಾಲು ಮೀಟರಿಗಿಂತ ತುಸು ಹೆಚ್ಚು, ಶಕ್ತಿ 12 ಅಶ್ವಶಕ್ತಿ, ವೇಗ ಹೆಚ್ಚೆಂದರೆ ಗಂಟೆಗೆ 85 ಕಿ.ಮೀ. 1962ರವರೆಗೆ 1,61,728 ಇಸೆಟ್ಟಾಗಳನ್ನು ಅವರು ಮಾಡಿದರು. ಇಂದು ಬಿಎಂಡಬ್ಲ್ಯೂ ಎಂದರೆ ಶ್ರೀಮಂತರ ಗಾಡಿ. ಆದರೆ ಆಗ ಅವರ ದುಬಾರಿ ಕಾರುಗಳು ನಷ್ಟ ತರುತ್ತಿದ್ದವು. 1959ರ ಡಿಸೆಂಬರಿನಲ್ಲಿ ಕಂಪನಿಯನ್ನು ಡೈಮ್ಲರ್-ಬೆನ್ಜ್‌ಗೆ ಮಾರುವ ಮಾತುಕತೆಯೇ ಮುಗಿಯುವ ಹಂತಕ್ಕೆ ಬಂದಿತ್ತು. ಅಲ್ಲಿಯವರೆಗೆ ಮನೆ ನಡೆಸಿದ್ದರಲ್ಲಿ ಈ ಮೊಟ್ಟೆಯ ಪಾಲು ದೊಡ್ಡದು.

ಇಂಥ ಕಾರುಗಳು ಯಾಕೆ ಹುಟ್ಟಿದವು ಎಂಬುದು ನಮ್ಮಂಥವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಯುದ್ಧ ಮುಗಿದಿತ್ತು, ಕೈಯಲ್ಲಿ ದುಡ್ಡಿರಲಿಲ್ಲ, ಉಕ್ಕು ಮತ್ತು ಪೆಟ್ರೋಲಿಗೆ ಪರದಾಟ. ಮೋಟರ್‌ಸೈಕಲ್ ಕೊಳ್ಳುವಷ್ಟು ಜನರ ಶಕ್ತಿ, ಅದರಲ್ಲಿ ಚಳಿ ಮಳೆಗೆ ರಕ್ಷಣೆ ಇಲ್ಲ. ಗಂಡ ಮುಂದೆ, ಹೆಂಡತಿ ಹಿಂದೆ, ನಡುವೆ ಮಗು, ಮೇಲೆ ರೇನ್‌ಕೋಟು: ಪುಣೆಯ ಜುಲೈ ತಿಂಗಳಲ್ಲಿ ನಾವೆಲ್ಲ ಹಾಗೇ ಹೋದವರಲ್ಲವೇ? ಆ ಸ್ಕೂಟರಿಗೊಂದು ಮಾಡು, ನಾಲ್ಕು ಗೋಡೆ ಕಟ್ಟಿಕೊಟ್ಟರು ಅಲ್ಲಿಯ ಎಂಜಿನಿಯರುಗಳು.

ಗೋಡೆ ಕಟ್ಟಿದವರಲ್ಲಿ ಹಲವರು ವಿಮಾನದವರು. ಸೋತ ಜರ್ಮನಿ ವಿಮಾನ ತಯಾರಿಸಬಾರದೆಂದು ಗೆದ್ದವರು ನಿರ್ಬಂಧ ಹಾಕಿದ್ದರು. ಯುದ್ಧವಿಮಾನಗಳಿಗೆ ಹೆಸರಾಗಿದ್ದ ಮೆಸ್ಸರ್‌ಸ್ಮಿಟ್ ಮತ್ತು ಹೈಂಕೆಲ್ ಕಾರ್ಖಾನೆಗಳಿಗೆ ಬೇರೆ ಕೆಲಸ ಬೇಕಿತ್ತು. ಇನ್ನೊಂದು ದಿನ ಬೇರೊಂದು ಸಂಗ್ರಹಾಲಯದಲ್ಲಿ ನೋಡಿದ ಮೆಸ್ಸರ್‌ಸ್ಮಿಟ್ ಕಾರಿಗೆ ಮೂರೇ ಚಕ್ರ. ಪೈಲಟ್ ಕೂರುವ ಜಾಗದಂತೆ ಪಾರದರ್ಶಕ ಗುಮ್ಮಟ. ಸ್ಟೀರಿಂಗ್ ಬದಲಿಗೆ ಹ್ಯಾಂಡಲ್. ಒಬ್ಬರ ಹಿಂದೆ ಒಬ್ಬರು ಕೂರಬೇಕು. ಗುಮ್ಮಟವನ್ನು ಪಕ್ಕಕ್ಕೆ ಮಗುಚಿ ಒಳಗಿಳಿಯಬೇಕು. ನಮ್ಮ ಸೀರೆಗೆ ಹೇಳಿಸಿದ್ದಲ್ಲ. ಉಳಿದುಬಿದ್ದ ಯುದ್ಧವಿಮಾನಗಳ ಗುಮ್ಮಟಗಳನ್ನೇ ಇದಕ್ಕೆ ಹಾಕಿದರೆಂದು ಜನ ಹೇಳುತ್ತಿದ್ದರಂತೆ, ಅದು ಬರೀ ಕಥೆ. ಆದರೆ 1955ರ ಕೆಆರ್ 200 ಮಾದರಿಯ ರಿವರ್ಸ್ ಗೇರಿನ ವಿಷಯ ಕಥೆಯಲ್ಲ. ಹಿಂದಕ್ಕೆ ಹೋಗಬೇಕೆಂದರೆ ಎಂಜಿನ್ ನಿಲ್ಲಿಸಿ, ಕೀಲಿಯನ್ನು ಇನ್ನಷ್ಟು ಒಳಗೆ ಒತ್ತಿ, ಮತ್ತೆ ಚಾಲೂ ಮಾಡಬೇಕು. ಆಗ ಎಂಜಿನ್ನೇ ಉಲ್ಟಾ ತಿರುಗುತ್ತದೆ. ಹೀಗಾಗಿ ಮುಂದಕ್ಕೆ ಎಷ್ಟು ಗೇರೋ ಹಿಂದಕ್ಕೂ ಅಷ್ಟೇ, ನಾಲ್ಕು! ಅಳಿಯ ಇದನ್ನು ಮೂರು ಸಲ ವಿವರಿಸಿದ ಮೇಲೆ ನನಗೆ ಅರ್ಥವಾಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಗುಮ್ಮಟವಲ್ಲ, ಇದರ ಹಿಂದಿನ ಗಾಡಿ. ಈ ಕಾರಿನ ಮೂಲ ಫ್ರಿಟ್ಸ್ ಫೆಂಡ್ ಎಂಬ ವಿಮಾನ ತಂತ್ರಜ್ಞ. 1948ರ ಸುಮಾರಿಗೆ ರೋಸನ್‌ಹೈಮ್ ಎಂಬ ಊರಲ್ಲಿ ಅವನು ಮಾಡಿದ್ದು ಕಾರಲ್ಲ. ಯುದ್ಧದಲ್ಲಿ ಕಾಲು ಕಳೆದುಕೊಂಡವರು ಕೂತು ಹೋಗಲು ಒಂದು ಮುಚ್ಚಿದ ಮೂರು ಚಕ್ರದ ಗಾಡಿ, ಹೆಸರು ಫ್ಲಿಟ್ಸರ್. ಮೊದಲು ಅದಕ್ಕೆ ಎಂಜಿನ್ ಕೂಡ ಇರಲಿಲ್ಲ, ಕೂತವರ ಮೈಬಲವೇ ಗತಿ. ಆಮೇಲೆ ಸೈಕಲ್ಲಿಗೆ ಹಚ್ಚುವಂಥ 38 ಸಿಸಿಯ ಪುಟ್ಟ ಎಂಜಿನ್ ಬಂತು. ಕಾಲು ಗಟ್ಟಿ ಇದ್ದವರೂ "ನಮಗೂ ಒಂದು ಕೊಡಿ" ಎಂದು ಬರತೊಡಗಿದಾಗ ಎರಡು ಸೀಟಿನ ಗಾಡಿಯ ಯೋಚನೆ ಹುಟ್ಟಿ, 1953ರಲ್ಲಿ ಮೆಸ್ಸರ್‌ಸ್ಮಿಟ್‌ನ ರೇಗನ್ಸ್‌ಬುರ್ಗ್ ಕಾರ್ಖಾನೆಯಿಂದ ಮೊದಲ ಕಾರು ಹೊರಬಿತ್ತು.

ಇದನ್ನು ಓದುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಧಾರವಾಡ.

ನನ್ನ ಅಕ್ಕನಿಗೆ ಎರಡನೇ ವರ್ಷಕ್ಕೆ ಪೋಲಿಯೋ ಬಂದು ಎರಡೂ ಕಾಲುಗಳ ಶಕ್ತಿ ಹೋಗಿತ್ತು. ಹೈಸ್ಕೂಲು ಮುಗಿಯುವವರೆಗೆ ಅಪ್ಪ ಸೈಕಲ್ಲಿನ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ಕಾಲೇಜಿಗೆ ಸೇರಿದಾಗ ಯಾರೋ ದಾನಿಗಳು ಕೈಯಿಂದ ತಿರುಗಿಸುವ ಮೂರು ಚಕ್ರದ ಸೈಕಲ್ ಕೊಡಿಸಿದರು. ಧಾರವಾಡದ ಏರುತಗ್ಗು ಬಲ್ಲವರಿಗೆ ಗೊತ್ತು. ಇಳಿಜಾರಿನಲ್ಲಿ ಅಕ್ಕ ರಾಣಿಯಂತೆ ಹೋಗುತ್ತಿದ್ದಳು, ಏರು ಬಂತೆಂದರೆ ನಾನು ಹಿಂದಿನಿಂದ ನೂಕಬೇಕು. ಜಿಟಿಜಿಟಿ ಮಳೆಯಲ್ಲಿ ಒಂದು ಕೈಯಲ್ಲಿ ಅವಳ ತಲೆಯ ಮೇಲೆ ಕೊಡೆ, ಇನ್ನೊಂದು ಕೈಯಲ್ಲಿ ಗಾಡಿ. ಅವಳಿಗೆ ಎರಡೂ ಕೈ ಬೇಕು, ಕೊಡೆ ಹಿಡಿಯಲು ಮೂರನೆಯದು ಎಲ್ಲಿಂದ ಬರಬೇಕು? ಎಷ್ಟೋ ದಿನ ಕಾಲೇಜಿನ ಬಾಗಿಲ ತನಕ ಹೋಗಿ, ಒದ್ದೆ ಸೀರೆಯಲ್ಲಿ ಕ್ಲಾಸಿನಲ್ಲಿ ಕೂರಲಾರದೆ ತಿರುಗಿ ಬಂದಿದ್ದಾಳೆ. ಫೆಂಡ್‌ನ ಆ ಮುಚ್ಚಿದ ಗಾಡಿಯ ಚಿತ್ರ ನೋಡಿದಾಗ ಮನಸ್ಸಿಗೆ ಬಂದದ್ದು ಒಂದೇ ಮಾತು: ಮಾಡು ಇತ್ತಲ್ಲ.

ಊರಿಗೆ ಬಂದ ಮೇಲೂ ಹುಡುಕಿ ಓದತೊಡಗಿದೆ. ಪುಟ್ಟ ಕಾರುಗಳ ಕಥೆಯ ತುಂಬ ಇಂಥವರೇ ಇದ್ದಾರೆ. ಚೆಕೋಸ್ಲೊವಾಕಿಯಾದಲ್ಲಿ ಸ್ಟ್ರಾನ್‌ಸ್ಕಿ ಅಣ್ಣತಮ್ಮಂದಿರು ಮಾಡಿದ ವೆಲೊರೆಕ್ಸ್ ಮುಖ್ಯವಾಗಿ ಹೋದದ್ದು ಅಂಗವಿಕಲರಿಗೆ. ಉಕ್ಕಿನ ತಗಡಿನ ಬದಲು ಕೊಳವೆಗಳ ಚೌಕಟ್ಟಿಗೆ ರೆಕ್ಸಿನ್ ಹೊದಿಸಿ, ತಿರುಗಿಸುವ ಗುಂಡಿಗಳಿಂದ ಬಿಗಿದಿದ್ದರು. ಸೋಫಾ ಕವರಿನಂತೆ ಬಿಚ್ಚಿ ಹಾಕಬಹುದಾದ ಕಾರು! ಜಾವಾ ಮೋಟರ್‌ಸೈಕಲ್ಲಿನ ಎಂಜಿನ್. ಮೈಸೂರಿನ ಜಾವಾ ಗಾಡಿಯ ಸದ್ದು ಕೇಳಿ ಬೆಳೆದವರಿಗೆ ಅದರ ಸದ್ದೂ ಗುರುತು ಸಿಕ್ಕೀತು. ಸೋವಿಯತ್ ದೇಶದಲ್ಲಿ ಯುದ್ಧದಲ್ಲಿ ಗಾಯಗೊಂಡವರಿಗೆ ಸರಕಾರ ಇಂಥದ್ದೇ ಪುಟ್ಟ ಗಾಡಿ ಕೊಡುತ್ತಿತ್ತು.

ಬ್ರಿಟನ್ನಿನ ಕಥೆ ಮಾತ್ರ ನನ್ನನ್ನು ಸ್ವಲ್ಪ ಸಿಟ್ಟಿಗೆಬ್ಬಿಸಿತು. ಅಲ್ಲಿ ಬರ್ಟ್ ಗ್ರೀವ್ಸ್ ಎಂಬಾತ ನಡೆಯಲಾಗದ ತನ್ನ ದಾಯಾದಿ ಡೆರಿ ಪ್ರೆಸ್ಟನ್-ಕಾಬ್‌ನ ಗಾಲಿಕುರ್ಚಿಗೆ ಎಂಜಿನ್ ಹಚ್ಚಿಕೊಟ್ಟ. ಅದರಿಂದಲೇ ಇನ್ವಾಕಾರ್ ಕಂಪನಿ ಹುಟ್ಟಿತು. ಮುಂದೆ ಸರಕಾರವೇ ಅಂಗವಿಕಲರಿಗೆ ತಿಳಿನೀಲಿ ಬಣ್ಣದ ಮೂರು ಚಕ್ರದ ಗಾಡಿಗಳನ್ನು ಬಾಡಿಗೆಯಿಲ್ಲದೆ ಕೊಟ್ಟಿತು. ಒಳ್ಳೆಯದೇ. ಆದರೆ ಅದಕ್ಕೆ ಒಂದೇ ಸೀಟು, ಇನ್ನೊಬ್ಬರನ್ನು ಕೂರಿಸಿಕೊಳ್ಳುವಂತಿಲ್ಲ. ಕಾಲಿಲ್ಲದ ತಾಯಿ ತನ್ನ ಮಗುವನ್ನು ಶಾಲೆಗೆ ಬಿಡುವುದು ಹೇಗೆ? ಗಂಡ ಹೆಂಡತಿ ಒಟ್ಟಿಗೆ ಎಲ್ಲಿಗಾದರೂ ಹೋಗುವುದು ಹೇಗೆ? ಅಂಗವಿಕಲರೆಂದರೆ ಒಂಟಿ ಜನ ಎಂದು ಗಾಡಿ ರೂಪಿಸಿದವರು ಭಾವಿಸಿದಂತಿತ್ತು. ವರ್ಷಗಟ್ಟಲೆ ಅಲ್ಲಿನ ಅಂಗವಿಕಲ ಚಾಲಕರು ಹೋರಾಡಿದರು. ಕೊನೆಗೆ ಇದನ್ನು ಪರಿಶೀಲಿಸಿ 1974ರಲ್ಲಿ ವರದಿ ಕೊಟ್ಟವರು ಒಬ್ಬ ಮಹಿಳೆ, ಎವೆಲಿನ್ ಶಾರ್ಪ್. ಬ್ರಿಟಿಷ್ ಸರಕಾರದ ಇಲಾಖೆಯೊಂದರ ಕಾಯಂ ಕಾರ್ಯದರ್ಶಿಯಾದ ಮೊದಲ ಹೆಣ್ಣುಮಗಳು ಅವರೇ. ಮೂರು ಚಕ್ರದ ಗಾಡಿ ಸಾಕು, ತೀರಾ ಅಗತ್ಯವಿದ್ದವರಿಗೆ ಕಾರು ಕೊಡಿ ಎಂಬುದು ಅವರ ಸಲಹೆ. ಅದಾದ ಮೇಲೆ ಆ ಗಾಡಿಗಳ ಕಾಲ ಮುಗಿಯುತ್ತ ಬಂತು, 2003ರಲ್ಲಿ ಅವನ್ನು ರಸ್ತೆಯಿಂದಲೇ ತೆಗೆದರು.

ಮತ್ತೆ ಮೊಟ್ಟೆಗಳ ಕಡೆ ಬರೋಣ. 1956ರಲ್ಲಿ ಸೂಯೆಜ್ ಕಾಲುವೆಯ ಜಗಳ ಎದ್ದು ಪೆಟ್ರೋಲ್ ಬರುವುದು ನಿಂತಾಗ ಬ್ರಿಟನ್ನಿನಲ್ಲಿ ರೇಷನ್ ಬಂತು. ಕಡಿಮೆ ಕುಡಿಯುವ ಪುಟ್ಟ ಕಾರುಗಳಿಗೆ ಅದೇ ಸುಗ್ಗಿ. ಮರುವರ್ಷ ಇಂಗ್ಲೆಂಡಿನ ಬ್ರೈಟನ್‌ನಲ್ಲೂ ಇಸೆಟ್ಟಾ ತಯಾರಾಗತೊಡಗಿತು, ಅದೂ ಹಳೆಯ ರೈಲು ಎಂಜಿನ್ ಕಾರ್ಖಾನೆಯಲ್ಲಿ. ಮೂರು ಚಕ್ರದ, ರಿವರ್ಸ್ ಗೇರ್ ಇಲ್ಲದ ಕಾರನ್ನು ಮೋಟರ್‌ಸೈಕಲ್ ಲೈಸೆನ್ಸಿನಲ್ಲೇ ಓಡಿಸಬಹುದು ಎಂಬ ಕಾನೂನು ಅಲ್ಲಿತ್ತು. ಹಾಗಾಗಿ ರಿವರ್ಸ್ ಇಲ್ಲದ ಇಸೆಟ್ಟಾಗಳು ಬಂದವು. ಈಗ ಯೋಚಿಸಿ: ಗ್ಯಾರೇಜಿನ ಗೋಡೆಗೆ ಮೂತಿ ತಾಗಿಸಿ ನಿಲ್ಲಿಸಿದಿರಿ. ಬಾಗಿಲು ಮುಂದೆ, ತೆರೆಯದು. ಹಿಂದಕ್ಕೆ ಹೋಗೋಣವೆಂದರೆ ರಿವರ್ಸ್ ಇಲ್ಲ. ಹೀಗೆ ಸಿಕ್ಕಿಬಿದ್ದವರ ತಮಾಷೆಯ ಕಥೆಗಳು ಅಲ್ಲಿ ಇಂದಿಗೂ ಓಡಾಡುತ್ತವೆ.

ತಮಾಷೆಯಲ್ಲದ ಕಥೆಯೂ ಒಂದಿದೆ. ಬರ್ಲಿನ್ ಗೋಡೆ ಎದ್ದ ಮೇಲೆ ಪಶ್ಚಿಮ ಬರ್ಲಿನ್ನಿನ ಒಬ್ಬ ಯುವ ಮೆಕ್ಯಾನಿಕ್ ತನ್ನ ಇಸೆಟ್ಟಾದ ಹೀಟರ್, ಬ್ಯಾಟರಿ ಎಲ್ಲ ಬಿಚ್ಚಿ ಎಂಜಿನ್ ಪಕ್ಕದಲ್ಲಿ ಒಬ್ಬ ಮನುಷ್ಯ ಮುದುಡಿ ಮಲಗುವಷ್ಟು ಪೊಟರೆ ಮಾಡಿದ. ಅದರೊಳಗೆ ಅಡಗಿ ಅವನ ಗೆಳೆಯ ಗಡಿ ದಾಟಿ ಬಂದ. ಅಷ್ಟು ಚಿಕ್ಕ ಕಾರಿನಲ್ಲಿ ಮನುಷ್ಯನನ್ನು ಬಚ್ಚಿಡಬಹುದೆಂದು ಕಾವಲುಗಾರರಿಗೆ ಅನ್ನಿಸಲೇ ಇಲ್ಲ.

ಇನ್ನೂ ಚಿಕ್ಕದು ಬೇಕೆಂದರೆ, ಐಲ್ ಆಫ್ ಮ್ಯಾನ್ ದ್ವೀಪದಲ್ಲಿ 1962ರಿಂದ 1965ರವರೆಗೆ ಮಾಡಿದ ಪೀಲ್ ಪಿ50 ಇದೆ. ಉದ್ದ 137 ಸೆಂಟಿಮೀಟರ್, ನಮ್ಮ ಊಟದ ಟೇಬಲ್ಲಿಗಿಂತ ಕಡಿಮೆ. ಎಂಜಿನ್ 49 ಸಿಸಿ. ರಿವರ್ಸ್ ಇಲ್ಲ, ಹಿಂದೆ ಒಂದು ಹಿಡಿಕೆ ಇದೆ. ಇಳಿದು ಕೈಯಿಂದ ಎತ್ತಿ ತಿರುಗಿಸಿಕೊಳ್ಳಬೇಕು. ಮಾರಾಟಕ್ಕೆ ತಯಾರಾದ ಕಾರುಗಳಲ್ಲೇ ಅತಿ ಚಿಕ್ಕದೆಂಬ ಗಿನ್ನೆಸ್ ದಾಖಲೆ ಅದರದ್ದು. ನೋಡಲು ಮುದ್ದಾಗಿದೆ, ನಾನಂತೂ ಅದರಲ್ಲಿ ಹಿಡಿಸಲಾರೆ.

ಈ ಕಾರುಗಳ ಕಾಲ ಬಹಳ ದಿನ ಇರಲಿಲ್ಲ. ಜನರ ಕೈಯಲ್ಲಿ ದುಡ್ಡು ಆಡತೊಡಗಿತು. 1957ರಲ್ಲಿ ಇಟಲಿಯಲ್ಲಿ ಹೊಸ ಫಿಯೆಟ್ 500, 1959ರಲ್ಲಿ ಬ್ರಿಟನ್ನಿನಲ್ಲಿ ಮಿನಿ ಬಂದವು. ಚಿಕ್ಕವೇ ಆದರೂ ಅವು ನಾಲ್ಕು ಜನ ಕೂರುವ 'ನಿಜವಾದ' ಕಾರುಗಳು. ಮೊಟ್ಟೆಗಳನ್ನು ಕೇಳುವವರಿಲ್ಲವಾಯಿತು.

ನಮ್ಮಲ್ಲೂ ಪ್ರಯತ್ನಗಳು ಆದವು. ಇಲ್ಲೇ ಹತ್ತಿರದ ಇಚಲಕರಂಜಿಯಲ್ಲಿ ಶಂಕರರಾವ್ ಕುಲಕರ್ಣಿ ಎಂಬವರು 'ಮೀರಾ' ಎಂಬ ಪುಟ್ಟ ಕಾರನ್ನು ತಾವೇ ಕಟ್ಟಿದ್ದರು, ಅದು ಕಾರ್ಖಾನೆಯ ಮಟ್ಟಕ್ಕೆ ಬರಲಿಲ್ಲ. ಬೆಂಗಳೂರಿನಲ್ಲಿ ಎಪ್ಪತ್ತರ ದಶಕದಲ್ಲಿ 'ಬಾದಲ್' ಎಂಬ ಮೂರು ಚಕ್ರದ ಫೈಬರ್ ಗ್ಲಾಸ್ ಕಾರು ತಯಾರಾಯಿತು. ಚಿಕ್ಕಮ್ಮನ ಮನೆಗೆ ಹೋದಾಗ ಒಂದು ಸಲ ನೋಡಿದ ನೆನಪು, ಬೀದಿಯ ಹುಡುಗರೆಲ್ಲ ಅದರ ಹಿಂದೆ ಓಡುತ್ತಿದ್ದರು. 2001ರಲ್ಲಿ ಅದೇ ಬೆಂಗಳೂರಿನಿಂದ ಬಂದ ವಿದ್ಯುತ್ ಕಾರು 'ರೇವಾ' ಲಂಡನ್ನಿನ ಬೀದಿಗಳಲ್ಲೂ ಓಡಿತು. ಪುಟ್ಟ ಕಾರುಗಳ ತವರಿಗೇ ನಮ್ಮ ಕಾರು ಹೋಗಿತ್ತು.

ಅಕ್ಕನಿಗೆ ಕಾರು ಬರಲಿಲ್ಲ. ಬ್ಯಾಂಕಿನಲ್ಲಿ ಕೆಲಸ ಸಿಕ್ಕು ಕೆಲ ವರ್ಷಗಳಾದ ಮೇಲೆ ಎರಡೂ ಬದಿಗೆ ಚಕ್ರ ಹಚ್ಚಿಸಿದ ಸ್ಕೂಟರ್ ಕೊಂಡಳು. ಮೊದಲ ದಿನ ಯಾರಿಗೂ ಹೇಳದೆ ಮಗಳನ್ನು ಹಿಂದೆ ಕೂರಿಸಿಕೊಂಡು ಮಾರ್ಕೆಟ್ಟಿಗೆ ಹೋಗಿ ಬದನೆಕಾಯಿ ತಂದಿದ್ದಳು. ಮೂವತ್ತೆಂಟನೇ ವಯಸ್ಸಿನಲ್ಲಿ ಮೊದಲ ಸಲ ತಾನೇ ಆರಿಸಿ ತಂದ ಬದನೆಕಾಯಿ. ಅರ್ಧ ಹುಳುಕು ಇದ್ದವು, ಅಮ್ಮ ಒಂದು ಮಾತೂ ಆಡಲಿಲ್ಲ.

ಮ್ಯೂನಿಕ್‌ನಿಂದಲೇ ಅವಳಿಗೆ ಇಸೆಟ್ಟಾದ ಫೋಟೋ ಕಳಿಸಿದ್ದೆ, ಬಾಗಿಲು ತೆರೆದದ್ದು. ರಾತ್ರಿ ಫೋನ್ ಮಾಡಿದಳು. ನಾನು ಇತಿಹಾಸವನ್ನೆಲ್ಲ ಹೇಳತೊಡಗಿದೆ. ಅವಳು ನಡುವೆ ತಡೆದು, "ಅದಿರ್ಲಿ ಬಿಡ. ಬಾಗಲಾ ಮುಂದ ಐತಿ, ಹತ್ತಾಕ ಚಲೋ ಆತು. ಕುಂತ ಮ್ಯಾಲ ಕೋಲು ಎಲ್ಲಿ ಇಡೂದು?" ಎಂದಳು.

ನಾನು ಅದನ್ನು ನೋಡಿರಲಿಲ್ಲ. ಮುಂದಿನ ಭಾನುವಾರ ಅಳಿಯನನ್ನು ಕರೆದುಕೊಂಡು ಮತ್ತೆ ಹೋದೆ. ಸೀಟಿನ ಹಿಂದೆ, ಕಿಟಕಿಯ ಕೆಳಗೆ, ಅಡ್ಡಡ್ಡ ಒಂದು ಹಲಗೆ ಇದೆ. ಎರಡು ಕೋಲು ಹಿಡಿಸುತ್ತವೆ ಎಂದು ಅವಳಿಗೆ ಮೆಸೇಜು ಹಾಕಿದೆ.