ಹೆಸರಿನ ಹಿಂದೆ ನಿಂತ ಅಕ್ಷರಗಳು

ಹಳೆಯ ಬ್ರಿಟಿಷ್ ನೌಕಾ ದಾಖಲೆಗಳಲ್ಲಿ ಅಧಿಕಾರಿಯ ಹೆಸರಾದ ಮೇಲೆ ಎರಡು ಮೂರು ರೋಮನ್ ಅಕ್ಷರಗಳ ಗೊಂಚಲು ಕಾಣಿಸುತ್ತದೆ. ಬರಿಯ ಅಲಂಕಾರವೆಂದು ಬಗೆದು ಅದನ್ನು ದಾಟಿಹೋಗುವವರೇ ಹೆಚ್ಚು. ತೇದಿಯಿಲ್ಲದ ಪತ್ರವೋ ಭಾವಚಿತ್ರವೋ ಕೈಗೆ ಬಂದಾಗ ಕಾಲನಿರ್ಣಯಕ್ಕೆ ನೆರವಾಗುವುದು ಅನೇಕ ಸಲ ಆ ಗೊಂಚಲೇ.

ಎಲ್ಲ ಅಕ್ಷರಗಳೂ ಬಿರುದುಗಳಲ್ಲ. ‘ಆರ್.ಎನ್.’ ಎಂಬುದು ರಾಯಲ್ ನೇವಿಯ ಗುರುತು ಮಾತ್ರ. ಆದರೂ ಅದು ನಿರುಪಯುಕ್ತವಲ್ಲ; ನೌಕಾಪಡೆಯ ಕ್ಯಾಪ್ಟನ್ ಭೂಸೇನೆಯ ಕ್ಯಾಪ್ಟನ್‌ಗಿಂತ ಬಹಳ ಮೇಲಿನ ದರ್ಜೆಯವನು.

ನಿಜವಾದ ಬಿರುದುಗಳಲ್ಲಿ ‘ಆರ್ಡರ್ ಆಫ್ ದ ಬಾತ್’ ಮುಖ್ಯವಾದುದು. 1725ರಲ್ಲಿ ಒಂದನೆಯ ಜಾರ್ಜ್ ದೊರೆ ಸ್ಥಾಪಿಸಿದ ಈ ಗೌರವಕ್ಕೆ ಮೊದಲು ಒಂದೇ ದರ್ಜೆಯಿದ್ದು, ಅದರ ಸಂಕೇತ ‘ಕೆ.ಬಿ.’ ಎಂದಾಗಿತ್ತು. ಸೇಂಟ್ ವಿನ್ಸೆಂಟ್ ಭೂಶಿರದ ಕದನದ ತರುವಾಯ, 1797ರಲ್ಲಿ, ನೆಲ್ಸನ್ ಅದನ್ನು ಪಡೆದನು. ನೆಪೋಲಿಯನ್ನನ ವಿರುದ್ಧದ ದೀರ್ಘಯುದ್ಧದಲ್ಲಿ ಸೇವೆ ಸಲ್ಲಿಸಿದ ಅಸಂಖ್ಯ ಅಧಿಕಾರಿಗಳಿಗೆ ಒಂದೇ ದರ್ಜೆ ಸಾಲದೆ, 1815ರಲ್ಲಿ ಅದನ್ನು ಜಿ.ಸಿ.ಬಿ., ಕೆ.ಸಿ.ಬಿ., ಸಿ.ಬಿ. ಎಂದು ಮೂರಾಗಿ ಒಡೆಯಲಾಯಿತು. ನೆಲ್ಸನ್ ಮಡಿದುದು 1805ರಲ್ಲಿ. ಆದುದರಿಂದ ಅವನ ಹೆಸರಿಗೆ ಕೆ.ಸಿ.ಬಿ. ಸೇರಿಸುವ ಗ್ರಂಥ ನಂಬಲರ್ಹವಲ್ಲ. ಅವನ ‘ವಿಕ್ಟರಿ’ ಹಡಗಿನ ಕ್ಯಾಪ್ಟನ್ ಥಾಮಸ್ ಹಾರ್ಡಿಗಾದರೋ ಅದು ಸಲ್ಲುತ್ತದೆ. ಅವನು ಬದುಕಿದ್ದು 1815ರಲ್ಲಿ ಆ ದರ್ಜೆಯನ್ನು ಪಡೆದನು.

ಸಿಸಿಲಿಯ ಕರಾವಳಿಯನ್ನು ಅಳೆದು ನಕ್ಷೆ ಬರೆದ ವಿಲಿಯಂ ಹೆನ್ರಿ ಸ್ಮಿತ್‌ನ ‘ಕೆ.ಎಸ್.ಎಫ್.’ ಇನ್ನೂ ತೊಡಕಿನದು. ಅದು ಬ್ರಿಟಿಷ್ ಬಿರುದೇ ಅಲ್ಲ. ಸಂತ ಫರ್ಡಿನೆಂಡ್‌ನ ಹೆಸರಿನ ಗೌರವಗಳು ಸ್ಪೇನಿನಲ್ಲಿಯೂ ನೇಪಲ್ಸ್‌ನಲ್ಲಿಯೂ ಇದ್ದವು. ಇಲ್ಲಿ ಅಕ್ಷರಗಳು ಕೈಕೊಡುತ್ತವೆ, ವ್ಯಕ್ತಿಯ ಸೇವಾಚರಿತ್ರೆ ಕೈಹಿಡಿಯುತ್ತದೆ: ಸ್ಮಿತ್ ದುಡಿದುದು ನೇಪಲ್ಸ್ ದೊರೆಯ ಸಿಸಿಲಿಯಲ್ಲಿ, ಬಿರುದೂ ಅಲ್ಲಿಯದೇ.

ಭಾರತದ ಓದುಗನನ್ನು ಹೆಚ್ಚು ದಾರಿತಪ್ಪಿಸುವುದು ‘ಐ.ಎನ್.’ ಈಸ್ಟ್ ಇಂಡಿಯಾ ಕಂಪನಿಯ ಬಾಂಬೆ ಮರೀನ್ 1830ರಲ್ಲಿ ಇಂಡಿಯನ್ ನೇವಿ ಎನಿಸಿಕೊಂಡು, 1863ರಲ್ಲಿ ವಿಸರ್ಜನೆಯಾಯಿತು. ಮುಂದೆ 1892ರಿಂದ ‘ಆರ್.ಐ.ಎಂ.’, 1934ರಿಂದ ‘ಆರ್.ಐ.ಎನ್.’ ಬಳಕೆಗೆ ಬಂದವು. 1950ರ ಜನವರಿ 26ರಂದು ‘ರಾಯಲ್’ ಎಂಬುದರ ‘ಆರ್’ ಅಳಿದಾಗ ಉಳಿದದ್ದು, ಕಂಪನಿಯ ಅಧಿಕಾರಿಗಳು ಬರೆದುಕೊಳ್ಳುತ್ತಿದ್ದ ಅವೇ ಎರಡಕ್ಷರಗಳು.