ಹರಳು ಬದಲಾಯಿತೇ, ಹಾಳೆ ಕಳಚಿತೇ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿ ಬಿಡಿಸುವುದೇ ಒಂದು ಕಸಬು. ಕರಟ ಒಡೆಯಬೇಕು, ಒಳಗಿನ ಉಂಡೆ ಕೊಬ್ಬರಿ ಒಡೆಯಬಾರದು. ಹಳೆಯ ಉಂಗುರದಿಂದ ವಜ್ರದ ಹರಳು ಬಿಚ್ಚುವುದೂ ಇಂಥದೇ ನಾಜೂಕಿನ ಕೆಲಸ. ಆದರೆ ಇಲ್ಲಿ ಹರಳಿಗಿಂತ ಮೊದಲು ಒಡೆಯುವುದು ನಂಬಿಕೆ.

ಅಜ್ಜಿಯ ಉಂಗುರವನ್ನು ಮೊಮ್ಮಗಳ ಮದುವೆಗೆ ಹೊಸದಾಗಿ ಕಟ್ಟಿಸಲು ಕೊಟ್ಟಾಗ, ಬಿಚ್ಚಿದ ಹರಳು ಮಂಕಾಗಿ ಕಾಣುವುದುಂಟು. 'ಕಲ್ಲು ಬದಲಾಯಿಸಿದರು' ಎಂಬ ಮಾತು ಕೂಡಲೇ ಹುಟ್ಟುತ್ತದೆ. ಅಕ್ಕಸಾಲಿಗ ಅಕ್ಕನ ಚಿನ್ನವನ್ನೂ ಬಿಡನೆಂಬ ಗಾದೆ ಬೇರೆ! ದೂರುವ ಮುನ್ನ ಹರಳು ಕಟ್ಟುವ ಕಲೆಯ ಚರಿತ್ರೆಯನ್ನು ಸ್ವಲ್ಪ ನೋಡಬೇಕು.

ಕುಂದಣ ಪದ್ಧತಿಯಲ್ಲಿ ಚಿನ್ನದ ಗೂಡಿಗೆ ಅರಗು ತುಂಬಿ, ಹೊಳೆಯುವ ತೆಳು ಹಾಳೆಯಿಟ್ಟು, ಅದರ ಮೇಲೆ ಹರಳು ಕೂರಿಸಿ, ಸುತ್ತ ಅಪರಂಜಿಯ ಎಳೆಗಳನ್ನು ಒತ್ತುತ್ತಾರೆ. ಬೆಸುಗೆ ಬೇಡ; ಒತ್ತಡಕ್ಕೇ ಅಪರಂಜಿ ಒಂದಾಗುತ್ತದೆ. ಹಿಂಬದಿ ಮುಚ್ಚಿರುವುದರಿಂದ ನಾವು ಕಾಣುವ ಕಾಂತಿಯಲ್ಲಿ ಹಾಳೆಯ ಪಾಲೂ ಇರುತ್ತದೆ. ಇದು ನಮ್ಮಲ್ಲಿ ಮಾತ್ರ ಇದ್ದ ಗುಟ್ಟಲ್ಲ. ಇಟಲಿಯ ಅಕ್ಕಸಾಲಿಗ ಚೆಲ್ಲಿನಿ 1568ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಜ್ರದ ಅಡಿಗೆ ಕಾಡಿಗೆಯ ಲೇಪ ಕೊಡುವುದನ್ನು ವಿವರಿಸಿದ್ದಾನೆ. ಆರು ಕೊಕ್ಕೆಗಳು ಹರಳನ್ನು ಬೆಳಕಿಗೆ ಎತ್ತಿ ಹಿಡಿಯುವ ಅಮೆರಿಕದ ಟಿಫಾನಿ ಉಂಗುರ ಬಂದದ್ದು 1886ರಲ್ಲಿ.

ಬಿಚ್ಚುವ ಕ್ರಮವೂ ಕಟ್ಟಿದ ಕ್ರಮದಂತೆಯೇ. ಕೊಕ್ಕೆಯ ಉಂಗುರವಾದರೆ ಒಂದೊಂದೇ ಕೊಕ್ಕೆಯನ್ನು ಹಿಂದಕ್ಕೆ ಬಾಗಿಸಬೇಕು. ಕುಂದಣವಾದರೆ ಉಕ್ಕಿನ ಸಲಾಕೆಯಿಂದ ಅಪರಂಜಿಯನ್ನು ಸರಿಸಿ, ಅರಗನ್ನು ಹದವಾಗಿ ಕಾಯಿಸಿ ಹರಳನ್ನು ಎತ್ತಬೇಕು. ಸುತ್ತಿಗೆ ಸಲ್ಲದು. ವಜ್ರ ಪೆಟ್ಟಿಗೆ ಜಗ್ಗದೆಂದು ರೋಮಿನ ಪ್ಲಿನಿ ಬರೆದದ್ದು ತಪ್ಪು. ಗೀರಿಗೆ ಜಗ್ಗದ ವಜ್ರ ಪೆಟ್ಟಿಗೆ ಸೀಳುತ್ತದೆ. ಅತಿಯಾದ ಬೆಂಕಿಯೂ ಸಲ್ಲದು. ವಜ್ರ ಉರಿಯುತ್ತದೆಂದು ಲವಾಸಿಯೆ 1772ರಲ್ಲೇ ತೋರಿಸಿದ. ಕರಟದ ಇದ್ದಿಲನ್ನು ಊದಿ ಕೆಲಸ ಮಾಡುತ್ತಿದ್ದ ಅಕ್ಕಸಾಲಿಗನಿಗೆ ಕಾವಿನ ಹದ ಕೈಗೇ ತಿಳಿಯುತ್ತಿತ್ತು.

ಅಂಥ ಕೈಗಳಿಗೆ ದೊಡ್ಡ ಪೆಟ್ಟು ಬಿದ್ದದ್ದು 1963ರಲ್ಲಿ. ಅಂದಿನ ಚಿನ್ನ ನಿಯಂತ್ರಣ ನಿಯಮ 14 ಕ್ಯಾರೆಟ್ ಮೀರಿದ ಒಡವೆ ಮಾಡುವುದನ್ನು ನಿಷೇಧಿಸಿತು. ಕುಂದಣಕ್ಕೆ ಬೇಕಾದದ್ದು ಅಪರಂಜಿ! ದೇಶದಾದ್ಯಂತ ಅಕ್ಕಸಾಲಿಗರು ಕೆಲಸ ಕಳೆದುಕೊಂಡರು. 14 ಕ್ಯಾರೆಟ್ ಮಿತಿ 1966ರಲ್ಲಿ ಹೋಯಿತು. 1968ರಲ್ಲಿ ಬಂದ ಚಿನ್ನ ನಿಯಂತ್ರಣ ಕಾಯ್ದೆ 1990ರಲ್ಲಿ ರದ್ದಾಯಿತು. ಕಸಬು ಬಿಟ್ಟವರ ಮಕ್ಕಳು ಮತ್ತೆ ಸಲಾಕೆ ಹಿಡಿಯುವುದು ಮಾತ್ರ ಸುಲಭವಾಗಿರಲಿಲ್ಲ.

ಆದ್ದರಿಂದ ಉಂಗುರ ಕೊಡುವ ಮುನ್ನ ಭೂತಗನ್ನಡಿಯಲ್ಲಿ ಇಬ್ಬರೂ ಹರಳನ್ನು ನೋಡಿ, ಅದರ ಕಲೆ, ಬಿರುಕುಗಳನ್ನು ಚೀಟಿಯಲ್ಲಿ ಬರೆದುಕೊಳ್ಳುವುದು ಒಳ್ಳೆಯದು. ಎದುರಿಗೇ ಬಿಚ್ಚಿಸಿ ಹರಳನ್ನು ತೂಗಿಸಬೇಕು. 1 ಕ್ಯಾರೆಟ್ ಎಂದರೆ 200 ಮಿಲಿಗ್ರಾಂ. ಗೂಡಿನ ತಳದ ಹಾಳೆಯನ್ನೂ ಕೇಳಿ ಪಡೆಯಬೇಕು. ಅಜ್ಜಿಯ ಹರಳು ಮಂಕಾದದ್ದೇಕೆ ಎಂಬುದಕ್ಕೆ ಅನೇಕ ವೇಳೆ ಆ ಹಾಳೆಯೇ ಸಾಕ್ಷಿ.